ಲಂಗ ತೊಟ್ಟ ಜಾರ್ಜ್

ಅಮೆರಿಕದ ಓಹಾಯೋದ ಒಂದು ಪುಟ್ಟ ಊರಿನ ಲೈಬ್ರರಿ ಮಹಡಿಯಲ್ಲಿರುವ ಮ್ಯೂಸಿಯಂ ಕೋಣೆಯಲ್ಲಿ ಡ್ರುಸಿಲಾ ಪೆಟ್ಟಿಬೋನ್ ಅವರದೇ ದರ್ಬಾರು. ಹಳೇ ಕಾಗದಗಳಿಗೆ ಮಸಿ ತಾಗೀತೆಂದು ಬಂದವರ ಕೈಯಿಂದ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಡುತ್ತಾರೆ. ಕಾಫಿ ಲೋಟ ಕಂಡರೆ ಹಾವು ಕಂಡವರಂತೆ ಕಿರುಚುತ್ತಾರೆ. ಆದರೆ ಆಕೆಯ ನಿಜವಾದ ಸಿಟ್ಟು ಹಳೇ ಫೋಟೋಗಳ ಹಿಂದೆ ಬರೆದಿರುವ ಹೆಸರುಗಳ ಮೇಲೆ. ಊರಿನ ಹೆಂಗಸರೆಲ್ಲ ಅಲ್ಲಿ ಗಂಡನ ಹೆಸರಲ್ಲೇ ಇದ್ದಾರೆ: ಮಿಸೆಸ್ ಜಾರ್ಜ್ ಟಟಲ್, ಮಿಸೆಸ್ ಹೆನ್ರಿ ಬಾಮ್. "ಏನ್ರೀ ಇದು, ಜಾರ್ಜನಿಗೆ ಲಂಗ ತೊಡಿಸಿ ನಿಲ್ಲಿಸಿದ್ದಾರಾ?" ಎಂದು ಗುಡುಗಿ, ಹಳೇ ಪತ್ರಿಕೆ, ಚರ್ಚಿನ ಕಡತ, ಆಪಲ್ ಪೈ ಸ್ಪರ್ಧೆಯ ಬಹುಮಾನದ ರಿಬ್ಬನ್ನು ಎಲ್ಲ ಜಾಲಾಡಿ, ಕಡೆಗೊಂದು ದಿನ "ಸಿಕ್ಕಿದಳು! ಮಿಸೆಸ್ ಜಾರ್ಜ್ ಅಲ್ಲ, ಇವಳು ಯೂಲೇಲಿಯಾ!" ಎಂದು ಕುಣಿಯುತ್ತಾರೆ, ಕೆಳಗೆ ಓದುತ್ತಿದ್ದವರು ಬೆಚ್ಚಿಬೀಳುತ್ತಾರೆ. ಗಂಡ ವೆಂಡೆಲ್ ತಂದ ಊಟಕ್ಕೂ ಒಳಗೆ ಪ್ರವೇಶವಿಲ್ಲ. ಪಾಪ, ಆತ ಬುತ್ತಿ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಾನೆ. ಈಚೆಗೆ ಇಬ್ಬರೂ ಗಟ್ಟಿಮುಟ್ಟಾಗಿರುವಾಗಲೇ ತಮ್ಮ ಸಮಾಧಿಗೆ ಕಲ್ಲು ಮಾಡಿಸಿದರು. ಕಲ್ಲುಕುಟಿಗ ಅಭ್ಯಾಸಬಲದಿಂದ 'ವೆಂಡೆಲ್ ಪೆಟ್ಟಿಬೋನ್ ಮತ್ತು ಪತ್ನಿ' ಎಂದು ಕೆತ್ತಿಬಿಟ್ಟ. ಡ್ರುಸಿಲಾ ಅದನ್ನು ವಾಪಸು ಕಳಿಸಿ, ಹೊಸ ಕಲ್ಲಿನ ಮೇಲೆ ತಮ್ಮ ಪೂರ್ತಿ ಹೆಸರು ಕೆತ್ತಿಸಿ, ಕೆಳಗೆ ಸಣ್ಣಕ್ಷರದಲ್ಲಿ 'ಮತ್ತು ಪತಿ' ಎಂದು ಹಾಕಿಸಿದರು. ಊರೇ ನಕ್ಕಿತು. ವೆಂಡೆಲ್ ಮಾತ್ರ ಟೋಪಿ ತೆಗೆದು ಕಲ್ಲನ್ನೇ ನೋಡುತ್ತ, "ಇರಲಿ ಬಿಡೇ, ಮುಂದೆ ಯಾವತ್ತೋ ನಿನ್ನಂಥವಳೊಬ್ಬಳು ನನ್ನ ಹೆಸರು ಹುಡುಕ್ಕೊಂಡು ಬರ್ತಾಳೆ" ಅಂದ. ಮರುದಿನ ಅಂಗಡಿ ತೆರೆಯುವ ಮೊದಲೇ ಡ್ರುಸಿಲಾ ಕಲ್ಲುಕುಟಿಗನ ಬಾಗಿಲಲ್ಲಿ ನಿಂತಿದ್ದರು. "ವೆಂಡೆಲ್ ಅಂತ ಹಾಕಪ್ಪ, ನನ್ನಷ್ಟೇ ದಪ್ಪಕ್ಷರದಲ್ಲಿ ಹಾಕು. ಅವನ ಹೆಸರಿಗಾಗಿ ಯಾರೂ ಹುಡುಕಾಡೋ ಹಂಗಾಗಬಾರ್ದು."