ರಮೀಲಾಬೆನ್ನರ ಹನ್ನೆರಡನೆಯ ಕತೆ

ಸೊಸೆ ಅಡುಗೆಮನೆಯಲ್ಲಿ ಮೆಂತ್ಯಸೊಪ್ಪಿನ ಚಪಾತಿ ಮಾಡುತ್ತಿದ್ದಾಳೆ. ಸ್ವಲ್ಪ ಕರಟಿದ ವಾಸನೆ ಬಂತು ನೋಡಿ, ನಾನು ಬಹರೈನಿನ ಗುದೈಬಿಯಾದ ನಮ್ಮ ಹಳೆಯ ಬಿಲ್ಡಿಂಗಿಗೆ ಹೋಗಿಬಿಟ್ಟೆ. ಫೋನಿನಲ್ಲಿ ಟೈಪ್ ಮಾಡಲು ಕಲಿತು ಹದಿನೈದು ದಿನ. ಒಂದೇ ಬೆರಳು, ಅದೂ ದಪ್ಪ. ನಿಧಾನವಾದರೆ ನೀವೇ ಹೊಂದಿಕೊಳ್ಳಬೇಕು.

ತೊಂಬತ್ತರ ದಶಕದಲ್ಲಿ ನಮ್ಮ ಎದುರು ಬಾಗಿಲಿನವರು ರಮೀಲಾಬೆನ್. ಗಂಡನಿಗೆ ಮನಾಮಾದಲ್ಲಿ ಬಟ್ಟೆ ಅಂಗಡಿ, ಹೆಂಡತಿಗೆ ಗುಜರಾತಿಯಲ್ಲಿ ಕತೆ ಬರೆಯುವ ಹುಚ್ಚು. ಹುಚ್ಚು ಎಂದದ್ದು ಗಂಡ, ನಾನಲ್ಲ. ತಮ್ಮ ಊರಿನ ಪತ್ರಿಕೆಗೆ ಕಳಿಸಿದ ಹನ್ನೊಂದು ಕತೆಗಳು ವಾಪಸು ಬಂದಿದ್ದವು. ಬಹರೈನಿನಲ್ಲಿ ನಮಗೆ ಟಪಾಲು ಮನೆಗೆ ಬರುತ್ತಿರಲಿಲ್ಲ. ಅವರದ್ದು ಅಂಗಡಿಯ ಪೋಸ್ಟ್ ಬಾಕ್ಸಿಗೆ. ಹಾಗಾಗಿ ವಾಪಸಾದ ಪ್ರತಿ ಕತೆಯೂ ಮೊದಲು ಗಂಡನ ಕೈಗೆ ಸಿಕ್ಕಿ, ಅಂಗಡಿಯವರೆಲ್ಲ ನಕ್ಕು ಮುಗಿಸಿದ ಮೇಲೆ ರಮೀಲಾಬೆನ್ನರನ್ನು ತಲುಪುತ್ತಿತ್ತು.

ಬೆಳಿಗ್ಗೆ ಗಂಡಸರು ಹೋದ ಮೇಲೆ ನಾನು ಅವರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವುದು, ಅವರು ಕತೆ ಓದಿ ಹಿಂದಿಯಲ್ಲಿ ಹೇಳುವುದು. ನನ್ನ ಹಿಂದಿ ಅಷ್ಟಕ್ಕಷ್ಟೆ. ವಿಮರ್ಶೆ ಮಾಡುವಷ್ಟು ಇರಲಿಲ್ಲ. ರಮೀಲಾಬೆನ್ ನನ್ನ ಬಾಯಿ ನೋಡುತ್ತಲೂ ಇರಲಿಲ್ಲ, ಲಟ್ಟಣಿಗೆ ನೋಡುತ್ತಿದ್ದರು. ಅದು ನಿಂತರೆ ಆ ಸಾಲು ಉಳಿಯಿತು. ಓಡುತ್ತಲೇ ಇದ್ದರೆ ಪೆನ್ಸಿಲಿನಿಂದ ಗೀಟು.

ಹನ್ನೆರಡನೆಯ ಕತೆಯಲ್ಲಿ ಒಬ್ಬ ಹೆಂಗಸು, ಇಪ್ಪತ್ತು ವರ್ಷ ಗಂಡ ಉಂಡ ಮೇಲೆಯೇ ಉಂಡವಳು, ಒಂದು ದಿನ ತಾನೇ ಮೊದಲು ಉಂಡು, ಕೈ ತೊಳೆದು, ಸಮುದ್ರ ನೋಡಲು ಹೋಗುತ್ತಾಳೆ. ಅಷ್ಟೇ. ಈ ಸಲ ಕತೆ ವಾಪಸು ಬರಲಿಲ್ಲ, ಸಂಪಾದಕರ ಪತ್ರ ಬಂತು: ಹಾಕುತ್ತೇವೆ, ಆದರೆ ಕೊನೆಯಲ್ಲಿ ಅವಳು ಗಂಡನ ಕ್ಷಮೆ ಕೇಳಬೇಕು.

ರಮೀಲಾಬೆನ್ ಹೊಸ ಕೊನೆ ಬರೆದೇಬಿಟ್ಟಿದ್ದರು. ಓದಿದರು. ಹೆಂಗಸು ಅತ್ತಳು, ಕಾಲು ಹಿಡಿದಳು. ನಾನು ಆರು ಚಪಾತಿ ಲಟ್ಟಿಸಿದೆ.

"ನಿಲ್ಲಿಸಲೇ ಇಲ್ಲವಲ್ಲ, ಬೆನ್?" ಎಂದರು. ಬೆನ್ ಎಂದರೆ ಅವರಲ್ಲಿ ಅಕ್ಕ-ತಂಗಿ, ನನ್ನನ್ನೂ ಹಾಗೆಯೇ ಕರೆಯುತ್ತಿದ್ದರು.

"ಎಂತಕ್ಕೆ ನಿಲ್ಲಿಸುವುದು ಮಾರಾಯ್ರೆ? ಅವಳು ಉಂಡದ್ದು ಅವಳೇ ಬೇಯಿಸಿದ ಅನ್ನ. ಕದ್ದದ್ದಲ್ಲ."

ಹಳೆಯ ಕೊನೆಯನ್ನು ಮತ್ತೆ ಓದಿದರು. ಮುಗಿಯುವಾಗ ಕಾವಲಿಯ ಮೇಲಿದ್ದ ಚಪಾತಿ ಇದ್ದಿಲಾಗಿತ್ತು. ಇಬ್ಬರೂ ನೋಡಿರಲಿಲ್ಲ.

"ಹೀಗೇ ಹಾಕಿ, ಇಲ್ಲದಿದ್ರೆ ಬೇಡ ಅಂತ ಬರೀತೇನೆ. ಹನ್ನೊಂದಿದ್ದದ್ದು ಹನ್ನೆರಡಾದೀತು," ಎಂದರು.

ಮೂರು ತಿಂಗಳ ಮೇಲೆ ಅವರ ಗಂಡ ನಡುಮಧ್ಯಾಹ್ನ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಒಂದಕ್ಷರ ಬದಲಾಗದೆ ಅಚ್ಚಾಗಿತ್ತು, ರಮೀಲಾಬೆನ್ನರ ಪೂರ್ತಿ ಹೆಸರಿನೊಂದಿಗೆ.

"ಅಂಗಡಿಯಲ್ಲಿ ಎಲ್ಲ ಓದಿದ್ರು. ಈ ಗಂಡ ಯಾರು ಅಂತ ಕೇಳ್ತಿದ್ದಾರೆ," ಎಂದರು ಏದುಸಿರು ಬಿಡುತ್ತ.

"ಕೇಳಿದವರ ಮನೆಯಲ್ಲೇ ಇರಬಹುದು. ಹುಡುಕಲಿ," ಎಂದರು ರಮೀಲಾಬೆನ್.

ನಗು ತಡೆಯಲಾರದೆ ನಾನು ನಮ್ಮ ಮನೆಗೆ ಓಡಿದೆ. ಸಂಜೆ ಬಿಲ್ಡಿಂಗಿನ ಹೆಂಗಸರೆಲ್ಲ ಬಂದು, ಗುಜರಾತಿಯ ಒಂದಕ್ಷರ ಬಾರದವರೂ, ಆ ಹೆಸರನ್ನು ಬೆರಳಿನಿಂದ ಮುಟ್ಟಿ ಹೋದರು.

ಈಗ ಸೊಸೆ ನನ್ನ ಹೆಗಲ ಮೇಲಿಂದ ಇಷ್ಟನ್ನೂ ಓದಿದಳು. "ಅತ್ತೆ, ಆಮೇಲೆ ಆ ಗಂಡ ಸರಿಯಾದ್ರು ಅಂತ ಒಂದು ಲೈನ್ ಹಾಕಿ. ಓದುವವರಿಗೆ ಖುಷಿ ಆಗ್ತದೆ."

ಗಂಡ ಹಾಗೆಯೇ ಇದ್ದರು. ರಮೀಲಾಬೆನ್ ಮರುದಿನ ಹದಿಮೂರನೆಯ ಕತೆ ಶುರು ಮಾಡಿದರು. ಆ ಲೈನ್ ಹಾಕುವುದಿಲ್ಲ ಎಂದು ಸೊಸೆಗೆ ಹೇಳಿದೆ. ನಿನ್ನೆಯಾಗಿದ್ದರೆ, ಇದನ್ನೆಲ್ಲ ನೆನೆದು ಬರೆಯುವ ಮೊದಲು, ಹಾಕಿಬಿಡುತ್ತಿದ್ದೆನೋ ಏನೋ.