ಸ್ವೆಟರಿನ ಗುಂಡಿ

ಇಂಗ್ಲೆಂಡಿನ ಬಂದರೂರು ಗಾಸ್ಪೋರ್ಟಿನ ಡೆರೆಕ್ ಹೋಲ್ರಾಯ್ಡನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಫಾಕ್‌ಲೆಂಡ್ ಯುದ್ಧದ ೧೯೮೨ನೇ ಇಸವಿ ನಿಂತಿದೆ. ಆಳೆತ್ತರದ ಗೊಂಬೆಗಳಿಗೆ ತೊಡಿಸಿದ ಹಸಿರು-ಕಂದು ಮಚ್ಚೆಯ ಸೈನಿಕರ ಅಂಗಿ, ಬೂಟು, ನೀರಿನ ಬಾಟಲಿ, ಕೊನೆಗೆ ಬಿಸ್ಕತ್ತಿನ ಪೊಟ್ಟಣವೂ ಅದೇ ವರ್ಷದ್ದಾಗಿರಬೇಕು. ಚಹಾ ಹಿಡಿದು ಅವನು ಅವುಗಳ ನಡುವೆ ಕೂತನೆಂದರೆ, ಕಡಲ ಮಂಜು ಬಾಗಿಲ ಸಂದಿಯಿಂದ ನುಸುಳಿ ಬಂದು, ಗೊಂಬೆಗಳೆಲ್ಲ ಇನ್ನೇನು ಉಸಿರಾಡುತ್ತವೆ ಎನಿಸುತ್ತದೆ. "ಊಟಕ್ಕೆ ಬರ್ತೀಯೋ, ಇಲ್ಲ ನಿನ್ನ ಪಲ್ಟನ್ನಿಗೇ ಬಡಿಸಿಬಿಡ್ಲೋ?" ಎಂದು ಹೆಂಡತಿ ಮಾರೀನ್ ಅಡುಗೆಮನೆಯಿಂದ ಕೂಗುತ್ತಾಳೆ. ಹಳೇ ಸೈನಿಕ ಸಾಮಾನಿನ ಸಂತೆಗೆ ಹೋದರೆ ಡೆರೆಕ್ ಹತ್ತು ಮಾರು ದೂರದಿಂದಲೇ ಮೂಗು ಮುರಿಯುತ್ತಾನೆ: "ಆ ಹೊಲಿಗೆ ತೊಂಬತ್ತೊಂದರದ್ದು ಕಣಯ್ಯಾ, ಯಾರಿಗೆ ಟೋಪಿ ಹಾಕ್ತೀಯ?" ಇಂಥವನ ಗ್ಯಾರೇಜಿಗೆ ಮೊನ್ನೆ ಬಂದ ಗೆಳೆಯ ನೋರಿಸ್, ಮೂಲೆಯ ಅಂಗಿಯೊಂದನ್ನು ನೋಡಿ ಕುಣಿದಾಡಿಬಿಟ್ಟ. "ಸಿಕ್ಕಿಬಿದ್ದೆ ಮಗನೇ! ಇದು ಹೆಂಗಸರ ಸ್ವೆಟರಿನ ಗುಂಡಿ!" ಡೆರೆಕ್ ಆ ಗುಂಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. "ಅಣ್ಣ ಯುದ್ಧಕ್ಕೆ ಹಡಗು ಹತ್ತೋ ದಿನ ಬೆಳಿಗ್ಗೆ ಈ ಅಂಗಿ ಗುಂಡಿ ಕಿತ್ತುಬಂತು. ಅಮ್ಮ ತನ್ನ ಸ್ವೆಟರಿಂದೇ ಬಿಚ್ಚಿ ಹೊಲಿದ್ಲು. ಆಮೇಲೆ ಅಂಗಿಯೊಂದೇ ವಾಪಸ್ ಬಂತು. ಇಲ್ಲಿರೋದ್ರಲ್ಲಿ ಆ ಕಾಲದ್ದೇ ಅಂತ ನಾನು ಆಣೆ ಮಾಡಿ ಹೇಳೋದು ಈ ಗುಂಡಿ ಒಂದನ್ನೇ."