ಗಡಿಪೇಟೆಯಲ್ಲಿ ನಮ್ಮೂರಿನ ಮಾತು

ಕೊಪ್ಪದಿಂದ ಹೊರಟ ಯಾತ್ರೆಯ ತಂಡದಲ್ಲಿ ನಾನೂ ಚಿಕ್ಕಮ್ಮನೂ ಇದ್ದೆವು. ನೇಪಾಳದ ಗಡಿಗೆ ಅಂಟಿಕೊಂಡ ಆ ಊರಿನಲ್ಲಿ ಬಸ್ಸು ನಿಂತಾಗ ಇಳಿಮಧ್ಯಾಹ್ನ. ಲಾರಿ, ರಿಕ್ಷಾ, ಮೂಟೆ ಹೊತ್ತವರ ನಡುವೆ ನಾವಿಬ್ಬರೂ ತಂಡದಿಂದ ಬೇರೆಯಾಗಿಬಿಟ್ಟೆವು.

ಚಹಾದಂಗಡಿಯ ಬೆಂಚಿನಲ್ಲಿ ಕೂತು ಚಿಕ್ಕಮ್ಮ ಗೊಣಗಿದರು: "ಮೊಣಕಾಲು ನೋಯ್ತದೆ ಮಾರಾಯ್ತಿ. ಬಸ್ಸು ಎಲ್ಲಿ ನಿಂತಿದೆಯೋ ಎಂತದೋ. ಸೀತೂರಲ್ಲಾದ್ರೆ ಕಣ್ಮುಚ್ಚಿ ನಡೀತಿದ್ದೆ."

ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಯಾರೋ ಕರೆದರು. "ಸೀತೂರಾ? ಬಸ್ಸು, ಬಸ್ಸು."

ನೀಲಿ ಸ್ವೆಟರಿನ, ನಗುಮುಖದ ಗಂಡಸು. ಅಷ್ಟು ದೂರದಲ್ಲಿ ನಮ್ಮೂರಿನ ಹೆಸರು ಕೇಳಿ ಚಿಕ್ಕಮ್ಮನ ಕಣ್ಣು ತುಂಬಿತು. ಆತ ಕೈ ಬೀಸಿ ಮುಂದೆ ನಡೆದ. ನಾವು ಹಿಂಬಾಲಿಸಿದೆವು.

ಒಂದು ಓಣಿ, ಅದರೊಳಗೆ ಇನ್ನೊಂದು. ಪೇಟೆಯ ಗದ್ದಲ ಸಣ್ಣಗಾಗುತ್ತ ಬಂತು. ಎರಡೂ ಬದಿಯ ಬಾಗಿಲುಗಳು ಮುಚ್ಚಿದ್ದವು.

"ನಿಮ್ಮದು ಯಾವ ಊರು ತಮ್ಮಾ? ಶೃಂಗೇರಿ ಕಡೆಯಾ?" ಚಿಕ್ಕಮ್ಮ ಕೇಳಿದರು.

ಆತ ತಿರುಗಿ ನಕ್ಕ. "ಮೊಣಕಾಲು ನೋಯ್ತದೆ ಮಾರಾಯ್ತಿ," ಎಂದ.

ಅದೇ ರಾಗ. ಕೊನೆಯಲ್ಲಿ ಚಿಕ್ಕಮ್ಮ ಎಳೆಯುವ ಆ ಎಳೆತವೂ ಹಾಗೇ ಇತ್ತು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಬೆಂಚಿನ ಹಿಂದೆ ಕೂತು ನಮ್ಮ ಮಾತನ್ನು ಹಾಗೇ ಎತ್ತಿಕೊಂಡಿದ್ದ.

ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು. ಓಣಿಯ ತಿರುವಿನಲ್ಲಿ ಒಂದು ಬಳೆಯಂಗಡಿ ತೆರೆದಿತ್ತು. ಒಳಗೆ ನುಗ್ಗಿ ಅಂಗಡಿಯ ಹೆಂಗಸಿನ ಪಕ್ಕದಲ್ಲೇ ಕೂತೆವು. ನಾನು ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿ, ಜಾಗ ಹೇಳಲೆಂದು ಫೋನನ್ನು ಅವಳ ಕೈಗೆ ಕೊಟ್ಟೆ.

ಆತ ಬಂದು ಹೊಸ್ತಿಲಾಚೆ ನಿಂತ. ಒಳಗೆ ಬರಲಿಲ್ಲ. "ಕಣ್ಮುಚ್ಚಿ," ಎಂದ ಮೆಲ್ಲಗೆ. ಸ್ವಲ್ಪ ಬಿಟ್ಟು ಮತ್ತೆ, "ಕಣ್ಮುಚ್ಚಿ."

ಅಂಗಡಿಯವಳು ಎದ್ದು ಗದರಿದಳು. ನಾವು ಮತ್ತೆ ತಲೆಯೆತ್ತಿದಾಗ ಬಾಗಿಲು ಖಾಲಿಯಿತ್ತು.

ಮುಖ್ಯಸ್ಥರು ಬೆವರುತ್ತ ಬಂದರು. ನಮ್ಮ ಬಸ್ಸು ಪೇಟೆಯ ಇನ್ನೊಂದು ತುದಿಯಲ್ಲಿ, ರೈಲ್ವೆ ಗೇಟಿನ ಹತ್ತಿರ ಇತ್ತಂತೆ. "ಜನ ಇದ್ದಲ್ಲಿ ಕೂತಿದ್ದು ಒಳ್ಳೇದಾಯ್ತು ಅಮ್ಮಾ. ನಮ್ಮ ಮಾತಾಡ್ತಾರೆ ಅಂತ ಯಾರ ಹಿಂದೆನೂ ಹೋಗ್ಬೇಡಿ," ಎಂದರು. ಅವನಿಗೆ ಏನು ಬೇಕಿತ್ತೆಂದು ನಮಗೆ ತಿಳಿಯಲಿಲ್ಲ.

ಬಸ್ಸು ಗಡಿ ದಾಟುವವರೆಗೂ ಚಿಕ್ಕಮ್ಮ ಬಾಯಿ ಬಿಡಲಿಲ್ಲ. ಬಾಯಾರಿದಾಗ ನನ್ನ ತೋಳು ಮುಟ್ಟಿ, ನೀರಿನ ಬಾಟಲಿಯ ಕಡೆ ಬೆರಳು ತೋರಿಸಿದರು.